ಎರಡು ಬಾಯಿಯ ಬೀಗ

ಫೆಬ್ರವರಿ 3, ಸೋಮವಾರ

ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚುವುದಿಲ್ಲ. ಚಿಕ್ಕಂದಿನಿಂದಲೂ ಮುಚ್ಚಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಯಾರೂ ಕೇಳದೇ ಇದ್ದದ್ದರಿಂದ ಸುಳ್ಳು ಹೇಳುವ ಪ್ರಸಂಗವೂ ಬಂದಿಲ್ಲ. ಊಟಕ್ಕೆ ಮುಂಚೆ ಅಣ್ಣ ಮೆಲ್ಲಗೆ ಎರಡು ಮಾತು ಹೇಳುತ್ತಾನೆ, ಆಮೇಲೆ ಸ್ವಲ್ಪ ಹೊತ್ತು ಮೌನ. ಎಲ್ಲರೂ ಕಣ್ಣು ಮುಚ್ಚಿರುತ್ತಾರೆ, ನಾನು ಅವರನ್ನು ನೋಡುತ್ತಾ ಕೂತಿರುತ್ತೇನೆ. ಅಮ್ಮ ಬದುಕಿದ್ದಾಗ ಅವಳ ರೆಪ್ಪೆಗಳು ಅದುರುತ್ತಿದ್ದವು. ಅತ್ತಿಗೆ ಕೆಳತುಟಿ ಕಚ್ಚಿಕೊಳ್ಳುತ್ತಾರೆ. ಅಣ್ಣನ ಮುಖ ಮಾತ್ರ ನಿದ್ದೆಹೋದ ಮಗುವಿನ ಮುಖದ ಹಾಗೆ ಸಡಿಲವಾಗುತ್ತಿತ್ತು. ದೇವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಮುಖದಿಂದ ಗೊತ್ತಾದದ್ದು.

ಇದನ್ನು ಇವತ್ತು ಬರೆಯಲು ಕಾರಣ, ಅಣ್ಣನ ಕಣ್ಣೂ ತೆರೆದಿತ್ತು.

ಅವನು ಅತ್ತಿಗೆಯ ಹೊಟ್ಟೆಯನ್ನು ನೋಡುತ್ತಿದ್ದ. ಅಪ್ಪನಾಗುವವನು ನೋಡುವ ಹಾಗಲ್ಲ. ಯಾರೋ ನಂಬಿ ಒಪ್ಪಿಸಿ ಹೋದ ಸಾಮಾನನ್ನು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ. ಇಬ್ಬರ ಕಣ್ಣೂ ಸೇರಿದವು. ಇಬ್ಬರೂ ಸಿಕ್ಕಿಬಿದ್ದಿದ್ದೆವು. ಅತ್ತಿಗೆ ಕಣ್ಣು ಬಿಟ್ಟು ಸಾರು ಬಡಿಸಿದರು.

ಈ ಡೈರಿ ಬೀಗದ ಕಂಪನಿಯವರು ನಾನು ಕೆಲಸ ಮಾಡುವ ಬೀಗದಂಗಡಿಯ ಯಜಮಾನರಿಗೆ ಕೊಟ್ಟದ್ದು. ಅವರು ನನ್ನತ್ತ ಎಸೆದು, ತಗೋ, ಶಾಲೆ ಬಿಟ್ಟವನಿಗೆ ಒಂದು ಪುಸ್ತಕ ಇರಲಿ ಎಂದರು.

ಫೆಬ್ರವರಿ 7, ಶುಕ್ರವಾರ

ನಾನು ಶಾಲೆ ಬಿಟ್ಟದ್ದು ಹತ್ತನೇ ತರಗತಿಯ ನಡುವೆ. ಫೇಲಾಗಿ ಬಿಟ್ಟದ್ದಲ್ಲ, ಕೂತಲ್ಲಿ ಕೂರಲಾಗದೆ ಬಿಟ್ಟದ್ದು. ಅಣ್ಣ ಅದಕ್ಕೇ ನನ್ನನ್ನು ಪಾದರಸ ಎಂದು ಕರೆಯುವುದು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ಶಾಲೆ ಬಿಟ್ಟೆ ಎಂದು ಹೇಳಿದ ದಿನ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಕದ್ದು ತಿರುಗದೆ ಬಂದು ಹೇಳಿದೆಯಲ್ಲ, ಅಷ್ಟು ಸಾಕು ಎಂದ. ಈ ಮನೆಯಲ್ಲಿ ಇರುವುದು ಒಂದೇ ನಿಯಮ, ಕೇಳಿದರೆ ನಿಜ ಹೇಳಬೇಕು. ಅದನ್ನು ಮಾಡಿದವನು ಅಣ್ಣ. ನಾನು ಇವತ್ತಿನವರೆಗೆ ಮುರಿದಿಲ್ಲ. ಅದರಿಂದ ಗೆಳೆಯರನ್ನು ಕಳೆದುಕೊಂಡಿದ್ದೇನೆ, ಗಿರಾಕಿಗಳನ್ನೂ ಕಳೆದುಕೊಂಡಿದ್ದೇನೆ. ನಿಮ್ಮ ಹಳೇ ಬೀಗವೇ ಗಟ್ಟಿ, ಹೊಸದು ಬೇಡ ಎಂದು ಗಿರಾಕಿಗೆ ಹೇಳಿದ್ದಕ್ಕೆ ಯಜಮಾನರು, ಲೇ, ನಿನ್ನ ಬಾಯಿಗೆ ಹಾಕೋ ಬೀಗ ಯಾವ ಕಂಪನಿಯೂ ಮಾಡಿಲ್ಲ ಅಂತ ಬೈದರು.

ಅಣ್ಣ ವಿಮಾ ಕಚೇರಿಯಲ್ಲಿದ್ದ. ಯಾವ ಕಟ್ಟಡಕ್ಕೆ ಬೆಂಕಿ ತಗಲಬಹುದು, ಯಾವ ಲಾರಿ ಉರುಳಬಹುದು ಎಂದು ಅಳೆಯುವ ಕೆಲಸ. ನಾಲ್ಕು ವರ್ಷದ ಹಿಂದೆ ಬಿಟ್ಟ. ಈಗ ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಾನೆ. ಮನುಷ್ಯ ದೇವರಿಗೆ ಕೊಟ್ಟ ಮಾತು, ಇದು ಅವನ ವಿಷಯ. ಮನೆ ನಡೆಯುತ್ತಿದ್ದದ್ದು ಅತ್ತಿಗೆಯ ಸಂಬಳದಿಂದ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಕರೆದು ಒಳಗೆ ಕಳಿಸುವ ಕೆಲಸ. ಬಸುರಿಯಾದ ಮೇಲೆ ಅಣ್ಣ ಅದನ್ನು ಬಿಡಿಸಿದ. ಈಗ ನನ್ನ ಸಂಬಳ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಫೆಬ್ರವರಿ 13, ಗುರುವಾರ

ಅತ್ತಿಗೆಯ ಪಾದ ಊದಿಕೊಂಡಿದೆ. ಚಪ್ಪಲಿಯ ಪಟ್ಟಿ ಕಚ್ಚಿದ ಗುರುತು ಸಂಜೆಯವರೆಗೂ ಹೋಗುವುದಿಲ್ಲ. ಅಣ್ಣ ಕಾಲೇಜಿಗೆ ಹೋದ ಮೇಲೆ ನನ್ನನ್ನು ಕರೆದು, ಅಂಗಡಿಗೆ ಒಂದು ಗಂಟೆ ತಡವಾಗಿ ಹೋಗ್ತೀಯೇನೋ, ಆಸ್ಪತ್ರೆಗೆ ಹೋಗಿ ಬರೋಣ ಎಂದರು. ಹೋದೆವು.

ಡಾಕ್ಟರಮ್ಮ ದಪ್ಪ ಕನ್ನಡಕದವರು, ಮಾತು ಕಡಿಮೆ. ರಕ್ತದ ಒತ್ತಡ ಎರಡು ಸಲ ನೋಡಿದರು. ಎರಡನೇ ಸಲ ಪಟ್ಟಿ ಬಿಚ್ಚಿದ ಮೇಲೂ ಅತ್ತಿಗೆಯ ಕೈ ಬಿಡಲಿಲ್ಲ. ಹಿಂದೆ ಎರಡು ಸಲ ಮಗು ಹೋಗಿದೆ ಅಂತೀರಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ವಾರ ವಾರ ಬರಬೇಕು, ಮುಖ ಊದಿದರೆ, ತಲೆನೋವು ಬಿಡದಿದ್ದರೆ ಅವತ್ತೇ ಬಂದು ಸೇರಬೇಕು, ಇದು ತಾಯಿಯನ್ನೂ ಬಿಡುವುದಿಲ್ಲ, ಮಗುವನ್ನೂ ಬಿಡುವುದಿಲ್ಲ ಎಂದರು. ಕೊಟ್ಟ ಮಾತ್ರೆಗಳನ್ನು ಅತ್ತಿಗೆ ಮನೆಗೆ ಬಂದು ಒಗ್ಗರಣೆ ಡಬ್ಬಿಯ ತಳಕ್ಕೆ ಹಾಕಿದರು.

ವಾಪಸು ಬರುವ ದಾರಿಯಲ್ಲಿ ಅತ್ತಿಗೆ ಹೇಳಿದ್ದು ಇಷ್ಟೇ. "ನೀನಾಗಿ ಹೇಳಬೇಡ. ಕೇಳಿದ್ರೆ ನಿನ್ನಿಷ್ಟ."

ರಾತ್ರಿ ಊಟದಲ್ಲಿ ಅಣ್ಣ ಕೇಳಿದ. ಇವತ್ತು ಹೊರಗೆ ಹೋಗಿದ್ರಾ? ನಾನು ಹೇಳಿದೆ. ಮಾತ್ರೆಯ ವಿಷಯವನ್ನೂ ಹೇಳಿದೆ. ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಣ್ಣ ಕೋಪ ಮಾಡಲಿಲ್ಲ. ನಿಜ ಹೇಳಿದೆಯಲ್ಲ, ಸಂತೋಷ ಎಂದ. ಎದ್ದು ಹೋಗಿ ಡಬ್ಬಿ ತಂದು, ಕಡಲೆಬೇಳೆಯ ನಡುವಿನಿಂದ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಬಿಸಿನೀರು ತಂದು ಅತ್ತಿಗೆಯ ಪಾದಗಳನ್ನು ಅದರಲ್ಲಿಟ್ಟು ತುಂಬಾ ಹೊತ್ತು ಉಜ್ಜಿದ.

ಫೆಬ್ರವರಿ 15, ಶನಿವಾರ

ಇವತ್ತು ಅಣ್ಣ ತಾನಾಗಿಯೇ ಅಂಗಡಿಯ ತನಕ ನನ್ನ ಜೊತೆ ನಡೆದು ಬಂದ. ಹಿಂದಿನ ಎರಡು ಸಲವೂ ಆಸ್ಪತ್ರೆ, ಸೂಜಿ, ಸ್ಕ್ಯಾನ್ ಎಲ್ಲವೂ ಆಗಿತ್ತು, ಏನು ಉಳಿಯಿತು ಎಂದು ಕೇಳಿದ. ಎರಡನೇ ಸಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ದೇವರಿಗೆ ಮಾತು ಕೊಟ್ಟನಂತೆ. ಇನ್ನೊಂದು ಮಗು ಕೊಟ್ಟರೆ ಅದನ್ನು ಪೂರ್ತಿ ನಿನ್ನ ಕೈಗೇ ಬಿಡುತ್ತೇನೆ, ನಡುವೆ ಬೇರೆ ಯಾರ ಕೈಯನ್ನೂ ತರುವುದಿಲ್ಲ ಎಂದು. ಅದಾದ ಮೇಲೇ ಕೆಲಸ ಬಿಟ್ಟದ್ದು, ಓದಲು ಸೇರಿದ್ದು.

"ಅತ್ತಿಗೆನ ಕೇಳಿದ್ದೆಯಾ?" ಎಂದೆ.

"ದೇವರಿಗೆ ಮಾತು ಕೊಡೋವಾಗ ಪಕ್ಕದಲ್ಲಿರೋರನ್ನ ಕೇಳ್ತಾರೇನೋ?" ಎಂದು ನಕ್ಕ. ಒಳ್ಳೆಯ ನಗು. ಅಮ್ಮನ ನಗು ಅದು.

ಮಾತಿಗೆ ಬೆಲೆ ಬರುವುದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದ ಹಾಗೆ ಮಾಡಿದಾಗ ಎಂದೂ ಹೇಳಿದ. ಅದು ಅವನ ಪ್ರಬಂಧದ ಕೊನೆಯ ಅಧ್ಯಾಯವಂತೆ. ನಾನು ಅಂಗಡಿಯ ಷಟರ್ ಎತ್ತಿದೆ.

ಫೆಬ್ರವರಿ 20, ಗುರುವಾರ

ಇವತ್ತು ಮಾಡಿದ್ದು ಇಷ್ಟು ದಿನದಲ್ಲಿ ನನ್ನ ಅತ್ಯುತ್ತಮ ಕೆಲಸ. ನಮ್ಮ ಮನೆಯ ಬಾಗಿಲಿಗೆ ನಡುವೆ ಗಾಜಿದೆ. ಕಳ್ಳ ಗಾಜು ಒಡೆದು ಕೈ ಹಾಕಿದರೆ ಒಳಗಿನ ಚಿಲಕದ ಗುಬುಟು ತಿರುಗಿಸಿ ಬಂದುಬಿಡಬಹುದು, ನಾನಿಲ್ಲದಾಗ ಅವಳೊಬ್ಬಳೇ ಇರ್ತಾಳೆ ಎಂದು ಅಣ್ಣ ಹೇಳಿದ. ಸರಿಯಾದ ಮಾತು. ಅದಕ್ಕಿರುವುದೇ ಎರಡು ಬಾಯಿಯ ಬೀಗ. ಹೊರಗಿನಿಂದಲೂ ಕೀಲಿ ಬೇಕು, ಒಳಗಿನಿಂದಲೂ ಕೀಲಿ ಬೇಕು.

ಬಾಗಿಲ ಅಂಚನ್ನು ಉಳಿಯಿಂದ ಕೆತ್ತಿ ಬೀಗದ ಪೆಟ್ಟಿಗೆಯನ್ನು ಮರದೊಳಗೇ ಹುದುಗಿಸಿದೆ. ತಿರುಪುಗಳೆಲ್ಲ ಅಂಚಿನಲ್ಲಿ. ಬಾಗಿಲು ತೆರೆದಿದ್ದರೆ ಮಾತ್ರ ಕಾಣುತ್ತವೆ, ಹಾಕಿದ ಮೇಲೆ ಯಾವ ಕಡೆಯಿಂದಲೂ ಬಿಚ್ಚಲು ಬರುವುದಿಲ್ಲ. ಕೂದಲೆಳೆಯಷ್ಟೂ ಸಂದಿಲ್ಲ. ಅಣ್ಣ ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ, ಭೇಷ್ ಪಾದರಸ ಎಂದ. ಎರಡು ಕೀಲಿ ಇದ್ದವು. ಎರಡನ್ನೂ ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ನನಗೊಂದು ಬೇಡವಾ ಎಂದೆ. ನಿನಗ್ಯಾಕೆ, ನೀನು ಬರೋ ಹೊತ್ತಿಗೆ ನಾನಿರ್ತೀನಲ್ಲ ಎಂದ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚೆನ್ನಾಗಿದೆಯಾ ಎಂದು ಕೇಳಿದೆ. ತುಂಬಾ ಗಟ್ಟಿಯಾಗಿದೆ ಎಂದರು.

ಫೆಬ್ರವರಿ 21

ಬೀಗ ಹಾಕಿದ್ದನ್ನು ಯಜಮಾನರಿಗೆ ಹೆಮ್ಮೆಯಿಂದ ಹೇಳಿಕೊಂಡೆ. ಅವರು ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. "ಒಳಗಡೆ ಮೊಳೆ ಹೊಡೆದೆಯೇನೋ?"

ನಾನು ಮರೆತಿದ್ದೆ. ಈ ಅಂಗಡಿಗೆ ಬಂದ ಮೊದಲ ವಾರ ಕಲಿಸಿದ ಪಾಠ ಅದು. ಎರಡು ಬಾಯಿಯದನ್ನು ಗೋದಾಮಿಗೆ ಹಾಕಬಹುದು. ಜನ ಇರುವ ಕಡೆ ಹಾಕಿದರೆ ಬಾಗಿಲ ಒಳಮಗ್ಗುಲಲ್ಲಿ ಒಂದು ಮೊಳೆ ಹೊಡೆದು, ಒಂದು ಕೀಲಿ ಅದಕ್ಕೆ ನೇತು ಹಾಕಿ, ಅದು ನೇತಾಡುವುದನ್ನು ನೋಡಿಯೇ ಉಪಕರಣದ ಚೀಲ ಎತ್ತಬೇಕು. ಬೆಂಕಿ ಬಿದ್ದರೆ ಕೀಲಿ ಹುಡುಕಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಸಂಜೆ ಬಂದವನೇ ಮೊಳೆ ಹೊಡೆದೆ. ಅಣ್ಣ ಓದುವ ಕೋಣೆಯಿಂದ ಬಂದು ನೋಡಿದ. ವಿವರಿಸಿದೆ. ಹೌದಲ್ಲ, ಒಳ್ಳೆಯ ಪದ್ಧತಿ ಎಂದ. ತನ್ನ ಕೊಡೆಯನ್ನು ತಂದು ಆ ಮೊಳೆಗೆ ನೇತು ಹಾಕಿದ.

ಫೆಬ್ರವರಿ 27, ಗುರುವಾರ

ಅತ್ತಿಗೆ ಆಸ್ಪತ್ರೆಗೆ ಹೋಗಬೇಕಿದ್ದ ದಿನ. ಹೋಗಲಿಲ್ಲ. ಹೋದ ವಾರವೂ ಹೋಗಿಲ್ಲ.

ಮಾರ್ಚ್ 3, ಸೋಮವಾರ

ಈಗ ಮನೆಯ ರೀತಿ ಹೀಗಿದೆ. ಬೆಳಿಗ್ಗೆ ಅಣ್ಣ ಕೊರಳಿನಿಂದ ದಾರ ತೆಗೆದು ನನ್ನನ್ನು ಹೊರಗೆ ಬಿಡುತ್ತಾನೆ, ಸಂಜೆ ಒಳಗೆ ಬಿಟ್ಟುಕೊಳ್ಳುತ್ತಾನೆ. ಕಾಲೇಜಿಗೆ ಹೋಗುವಾಗ ಹೊರಗಿನಿಂದ ಹಾಕಿಕೊಂಡು ಹೋಗುತ್ತಾನೆ. ನಮ್ಮದು ಮೂರನೇ ಅಂತಸ್ತು. ಅತ್ತಿಗೆಯ ಫೋನು ಅವನ ಮೇಜಿನ ಡ್ರಾಯರಿನಲ್ಲಿದೆ, ಅದರ ಬೆಳಕಿಗೆ ತಲೆನೋವು ಹೆಚ್ಚುತ್ತೆ ಎಂದು. ತಲೆನೋವು ಇದೆ ಎಂದು ಅದರಿಂದಲೇ ನನಗೆ ಗೊತ್ತಾದದ್ದು.

ಅತ್ತಿಗೆಯನ್ನು ಕೇಳಿದೆ, ನಿಮ್ಮ ಅಕ್ಕನ ಊರಿಗೆ ಹೋಗಿಬಿಡೋಣವಾ ಎಂದು. ಅವರು ಬಟ್ಟೆ ಮಡಿಸುತ್ತಿದ್ದರು. "ನಿಮ್ಮಣ್ಣನ ಮಾತು ನನ್ನಿಂದ ಮುರೀತು ಅಂತ ಆಗಬಾರದು ಕಣೋ. ಆಮೇಲೆ ಏನಾದರೂ ಆದರೆ ಜೀವನಪೂರ್ತಿ ನನ್ನ ಮುಖ ನೋಡಿ ಅದನ್ನೇ ನೆನೆಸ್ಕೋತಾರೆ." ಇನ್ನೊಂದು ಸೀರೆ ಮಡಿಸಿಟ್ಟು, "ಬಾಯಿಬಿಟ್ಟು ಒಂದು ಮಾತೂ ಅನ್ನೋದಿಲ್ಲ, ಪಾದ ಉಜ್ಜುತ್ತಾರೆ," ಎಂದರು.

ಇವತ್ತು ನಾನು ಅಂಗಡಿಯಲ್ಲಿ ಒಂದು ಕೀಲಿಯನ್ನು ತಪ್ಪಾಗಿ ಕಡಿದೆ. ಯಜಮಾನರು ಬೈಯಲಿಲ್ಲ. ಅವರು ಬೈಯದಿದ್ದರೆ ನನಗೆ ಭಯವಾಗುತ್ತದೆ.

ಮಾರ್ಚ್ 11, ಮಂಗಳವಾರ

ಅಣ್ಣನ ಕಾಲೇಜಿಗೆ ಹೋಗಿದ್ದೆ, ಅವನಿಗೆ ಗೊತ್ತಿಲ್ಲದೆ, ಅವನ ಮಾರ್ಗದರ್ಶಕಿ ಪ್ರೊಫೆಸರರನ್ನು ನೋಡಲು. ಉದ್ದ ಮೊಗಸಾಲೆ, ಎತ್ತರದ ಬಾಗಿಲುಗಳು. ಒಂದರ ಬೀಗವೂ ಸರಿಯಾಗಿ ಕೂತಿಲ್ಲ. ಮೇಡಂ ವಯಸ್ಸಾದವರು, ಕುರ್ಚಿಯ ಮೇಲಿನ ಪುಸ್ತಕಗಳನ್ನು ತಾವೇ ಎತ್ತಿ ನನಗೆ ಜಾಗ ಮಾಡಿಕೊಟ್ಟರು. ನೀವು ಏನು ಓದುತ್ತಿದ್ದೀರಿ ಎಂದು ಕೇಳಿದರು. ಏನೂ ಇಲ್ಲ, ಹತ್ತನೇ ತರಗತಿ ಅರ್ಧ ಎಂದೆ. ಪರವಾಗಿಲ್ಲ, ಇಲ್ಲಿರುವವರೂ ಬಹಳ ಜನ ಅರ್ಧವೇ ಎಂದು ನಕ್ಕರು.

ದೇವರಿಗೆ ಕೊಟ್ಟ ಮಾತು ಮುರಿದರೆ ಏನಾಗುತ್ತದೆ ಎಂದು ಕೇಳಿದೆ. ಅವರ ನಗು ನಿಂತಿತು.

"ನಿಮ್ಮಣ್ಣ ಬರೆದಿರೋದು ಈಚೆಗೆ ನಾನು ಓದಿದ್ದರಲ್ಲೆಲ್ಲ ಒಳ್ಳೇದು," ಎಂದರು. "ಆದರೆ ಮೊದಲು ಪುಟಪುಟಕ್ಕೂ ಪ್ರಶ್ನೆ ಇರ್ತಿತ್ತು. ಈಗ ಒಂದೂ ಇಲ್ಲ, ಬರೀ ಉತ್ತರ. ನಮ್ಮ ವಿದ್ಯೆಯಲ್ಲಿ ಅದು ಒಳ್ಳೆಯ ಲಕ್ಷಣ ಅಲ್ಲ. ಮನೆಯಲ್ಲಿ ಏನಾಗ್ತಿದೆ?"

ಕೇಳಿದ್ದರಿಂದ ಹೇಳಿದೆ. ಬೀಗ, ಮಾತ್ರೆ, ಎಲ್ಲ. ಮೇಡಂ ತಮ್ಮ ಮುಂದಿದ್ದ ಪುಸ್ತಕ ಮುಚ್ಚಿದರು. ನಾನು ಅವನ ಹತ್ತಿರ ಮಾತಾಡ್ತೀನಿ, ನನ್ನ ಮಾತು ಕೇಳ್ತಾನೆ ಎಂದರು. ಇಳಿಯುವಾಗ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದೆ. ದೊಡ್ಡವರಿಗೆ ಒಪ್ಪಿಸಿದೆ, ಮುಗಿಯಿತು ಅನ್ನಿಸಿತು.

ಮಾರ್ಚ್ 12

ಮಾತಾಡಿದರು. ಅಣ್ಣ ಸಂಜೆ ಎಲ್ಲ ಪುಸ್ತಕಗಳನ್ನೂ ಕಟ್ಟಿಕೊಂಡು ಮನೆಗೆ ಬಂದ. ಡಾಕ್ಟರೇಟಿನ ಮೌಖಿಕ ಪರೀಕ್ಷೆಯ ದಿನದವರೆಗೆ ಇನ್ನು ಕಾಲೇಜಿಗೆ ಹೋಗುವುದಿಲ್ಲವಂತೆ, ಮನೆಯಲ್ಲೇ ಓದುತ್ತಾನಂತೆ. ಮೇಡಮ್ಮಿಗೆ ನೀನು ಹೇಳಿದೆಯಾ ಎಂದು ಕೇಳಿದ. ಹೌದು ಎಂದೆ. ನನ್ನ ತಲೆ ಸವರಿ, ಹೇಳಬೇಕಾದ್ದೇ, ಕೇಳಿದರಲ್ಲ ಎಂದ.

ಅವನು ಒಂದು ಸಲ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಈಗ ಅವನು ಮನೆಯಲ್ಲೇ ಇರುತ್ತಾನೆ. ನಡೆಯುವಾಗ ಅಂಗಿಯೊಳಗೆ ಎರಡು ಕೀಲಿಗಳು ಒಂದಕ್ಕೊಂದು ತಗಲುವ ಸದ್ದು. ಯಾವ ಕೋಣೆಯಲ್ಲಿದ್ದಾನೆ ಎಂದು ಅದರಿಂದ ಗೊತ್ತಾಗುತ್ತದೆ. ಅತ್ತಿಗೆ ಆ ಸದ್ದು ಬಂದ ಕಡೆಗೆ ಮುಖ ತಿರುಗಿಸುವುದನ್ನು ನೋಡಿದೆ.

ಮಾರ್ಚ್ 16, ಭಾನುವಾರ

ಅತ್ತಿಗೆಯ ಮುಖ ಊದಿದೆ. ಬೆಳಿಗ್ಗೆ ಕನ್ನಡಿ ನೋಡಿಕೊಂಡು, ಇದ್ಯಾರೋ ನಮ್ಮ ದೊಡ್ಡಮ್ಮನ ಹಾಗಿದ್ದಾಳಲ್ಲ ಎಂದು ತಮಾಷೆ ಮಾಡಿದರು. ಅಣ್ಣನೂ ನಕ್ಕ. ನಾನು ಅಣ್ಣನ ಜೊತೆ ಜಗಳ ತೆಗೆದೆ. ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಕೂಗಾಡಿದೆ, ಬಾಗಿಲು ಒದ್ದೆ. ನಾನೇ ಬೀಗ ಕೂರಿಸಿದ ಬಾಗಿಲು, ಅಲುಗಾಡಲೂ ಇಲ್ಲ.

ಅಣ್ಣ ನಾನು ಸುಸ್ತಾಗುವವರೆಗೆ ಕಾದ. "ನಿನಗಿಂತ ಹೆಚ್ಚು ಭಯ ನನಗಿದೆ," ಎಂದ. "ಭಯ ಅಳೆಯೋದೇ ನನ್ನ ಕೆಲಸವಾಗಿತ್ತಲ್ಲ. ಅಷ್ಟು ಭಯ ಇಟ್ಟುಕೊಂಡೂ ಕೈ ಚಾಚದೆ ಇರೋದೇ ಕೊಟ್ಟ ಮಾತು."

ಮಲಗುವ ಮುಂಚೆ ಅತ್ತಿಗೆ ನೀರು ಕುಡಿಯುವ ನೆಪದಲ್ಲಿ ನನ್ನ ಕೋಣೆಯ ಬಾಗಿಲಿಗೆ ಬಂದರು. ಒಂದು ಕೈಯಿಂದ ನೆತ್ತಿ ಒತ್ತಿ ಹಿಡಿದಿದ್ದರು. "ಮಗು ಇವತ್ತು ಬೆಳಿಗ್ಗೆಯಿಂದ ಒಂದೇ ಸಲ ಒದ್ದಿದ್ದು. ಕರ್ಕೊಂಡು ಹೋಗ್ತೀಯಾ? ಅವರು ನನ್ನನ್ನ ಕ್ಷಮಿಸದೇ ಇದ್ದರೂ ಇರಲಿ."

ಮಾರ್ಚ್ 17

ಕೀಲಿ ಇಲ್ಲದೆ ಕೀಲಿ ಮಾಡುವ ವಿದ್ಯೆ ಒಂದಿದೆ. ಹಲ್ಲು ಕಡಿಯದ ಖಾಲಿ ಕೀಲಿಯನ್ನು ಬೀಗಕ್ಕೆ ಹಾಕಿ, ಒತ್ತಿ ತಿರುಗಿಸಿದರೆ ಒಳಗಿನ ಮುಳ್ಳುಗಳು ಅದರ ಮೇಲೆ ಸಣ್ಣ ಚುಕ್ಕೆ ಬಿಡುತ್ತವೆ. ಚುಕ್ಕೆ ಬಿದ್ದಲ್ಲಿ ಅರದಿಂದ ಒಂದೆಳೆ ಉಜ್ಜಬೇಕು. ಮತ್ತೆ ಹಾಕಬೇಕು, ಮತ್ತೆ ನೋಡಬೇಕು. ಯಜಮಾನರು ಎಷ್ಟೋ ಸಲ ಹೇಳಿಕೊಡಲು ನೋಡಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವನಿಗೆ ಇದು ಬರಲ್ಲ ಎಂದು ಕೈಬಿಟ್ಟಿದ್ದರು. ಇವತ್ತು ಕಲಿಸಿ ಎಂದೆ. ಯಾಕೆ ಎಂದು ಕೇಳಿದರು. ಒಬ್ಬ ಗಿರಾಕಿಗೆ ಬೇಕು ಎಂದೆ. ಮಧ್ಯಾಹ್ನವೆಲ್ಲ ಕಲಿಸಿದರು. ಹೋಗುವಾಗ ನಮ್ಮ ಮನೆಯ ಬೀಗದ ಜಾತಿಯದೇ ಖಾಲಿ ಕೀಲಿಗಳನ್ನು ಒಂದು ಹಿಡಿ ನನ್ನ ಜೇಬಿಗೆ ತುರುಕಿದರು.

ಮಾರ್ಚ್ 19, ಬುಧವಾರ

ಇನ್ನು ಈ ವಾರವೆಲ್ಲ ಅಂಗಡಿಗೆ ರಜಾ ಎಂದು ಅಣ್ಣನಿಗೆ ಹೇಳಿದೆ. ಅವನು ಕೋಣೆಯಲ್ಲಿ ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ನಾನು ಬಾಗಿಲ ಮುಂದೆ ಮೊಣಕಾಲೂರಿ ಕೂತೆ. ಸದ್ದು ಕೇಳಿ, ಏನೋ ಅದು ಎಂದ. ಬೀಗ ಕಿರಗುಡ್ತಿದೆ, ಎಣ್ಣೆ ಬಿಡ್ತಿದ್ದೀನಿ ಎಂದೆ. ಮತ್ತೆ ಓದತೊಡಗಿದ.

ಒಳಗಿನ ಮುಳ್ಳುಗಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗಷ್ಟೇ ಗೊತ್ತಾಗುತ್ತವೆ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಕೀಲಿ ಮುರಿದವು. ಮುರಿದ ತುಂಡನ್ನು ಹೊರಗೆ ಎಳೆಯುವಾಗ ಬಾಯಿಂದ ಏನೋ ಮಾತು ಬರುತ್ತಿತ್ತು. ಬಿಡು, ದಯವಿಟ್ಟು ಬಿಡು, ಇಂಥದ್ದೇ ಏನೋ. ಬೀಗಕ್ಕೆ ಹೇಳುತ್ತಿದ್ದೆ ಅಂತ ಕಾಣುತ್ತದೆ. ಎಷ್ಟು ಹೊತ್ತು ಕೂತಿದ್ದೆನೋ, ಏಳುವಾಗ ಮೊಣಕಾಲು ಮರಗಟ್ಟಿತ್ತು. ಮೂರು ಮುಳ್ಳು ಒಪ್ಪಿವೆ. ಎರಡು ಬಾಕಿ.

ಮಾರ್ಚ್ 20

ನಾಲ್ಕನೆಯದು ಒಪ್ಪಿತು. ಅತ್ತಿಗೆ ಹಗಲೆಲ್ಲ ಕಿಟಕಿಗೆ ಚಾದರ ಕಟ್ಟಿಕೊಂಡು ಮಲಗಿದ್ದರು.

ಮಾರ್ಚ್ 21, ಶುಕ್ರವಾರ

ಮಧ್ಯಾಹ್ನ ಕೀಲಿ ತಿರುಗಿತು. ಎಷ್ಟು ಮೆತ್ತಗೆ ತಿರುಗಿತೆಂದರೆ ನಂಬಿಕೆಯೇ ಆಗಲಿಲ್ಲ. ಮತ್ತೆ ಹಾಕಿ ಬಂದೆ. ಆ ಕ್ಷಣವೇ ಇಳಿದುಬಿಡೋಣ ಎಂದೆ. ಅತ್ತಿಗೆ ಒಳಕೋಣೆಯ ಕಡೆ ಕಣ್ಣು ತೋರಿಸಿ ಬೇಡ ಎಂದು ತಲೆಯಾಡಿಸಿದರು. ಅವರೀಗ ಗೋಡೆ ಹಿಡಿದುಕೊಂಡು ನಡೆಯುತ್ತಾರೆ, ಮೂರು ಅಂತಸ್ತು ಇಳಿಯುವುದರೊಳಗೆ ಅಣ್ಣ ಬಂದುಬಿಡುತ್ತಾನೆ. ನಾಳೆ ಅವನ ಮೌಖಿಕ ಪರೀಕ್ಷೆ. ಬೆಳಿಗ್ಗೆ ಹೋದರೆ ಸಂಜೆವರೆಗೆ ಬರುವುದಿಲ್ಲ. ಇವತ್ತು ತಲೆನೋವು ಕಮ್ಮಿ, ನಾಳೆವರೆಗೆ ತಡೀತೀನಿ ಎಂದರು. ಕಮ್ಮಿ ಎನ್ನುವಾಗ ಕಣ್ಣು ತೆರೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಣ್ಣ ಬಹಳ ದಿನದ ಮೇಲೆ ಹಳೆಯ ಅಣ್ಣನ ಹಾಗೆ ಇದ್ದ. ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಬೆನ್ನಿಗಿತ್ತು. ಪರೀಕ್ಷಕರು ಏನು ಕೇಳಬಹುದು ಎಂದು ಅವರ ಹಾಗೆ ಮೂಗಿನಲ್ಲಿ ಮಾತಾಡಿ ತೋರಿಸಿದ, ಅತ್ತಿಗೆಯೂ ನಕ್ಕರು. ನಾಳೆ ಸಂಜೆ ಇಬ್ಬರಿಗೂ ಏನು ತರಲಿ ಎಂದು ಕೇಳಿದ. ಆಮೇಲೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ.

"ಪಾದರಸ, ಆ ಬೀಗಕ್ಕೆ ಇನ್ನೊಂದು ಕೀಲಿ ಏನಾದರೂ ಮಾಡಿದ್ದೀಯೇನೋ?"

"ಇಲ್ಲ ಅಣ್ಣ."

"ಸರಿ. ನೀನು ಹೇಳಿದ ಮೇಲೆ ಮುಗೀತು," ಎಂದು ತುತ್ತು ಬಾಯಿಗಿಟ್ಟುಕೊಂಡ.

ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅತ್ತಿಗೆ ಹಾಕಿಯೇ ಇರಲಿಲ್ಲ ಅಂತ ಕಾಣುತ್ತದೆ, ಯಾರೂ ಹೇಳಲಿಲ್ಲ. ಎಲೆಕೋಸಿನ ಪಲ್ಯ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ, ನಾಳೆಗಾಗಿ ಮೂವರೂ ಒಟ್ಟಿಗೆ ಪ್ರಾರ್ಥನೆ ಮಾಡೋಣ ಎಂದು ಅಣ್ಣ ಕೇಳಿಕೊಂಡ. ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಅವನ ಅಂಗೈ ಬೆವೆತಿತ್ತು. ಅತ್ತಿಗೆಯ ಬೆರಳುಗಳು ಊದಿ, ಉಂಗುರ ಮಾಂಸದೊಳಗೆ ಹೂತು ಹೋಗಿತ್ತು. ಈ ಸಲ ಮೌನ ತುಂಬಾ ಉದ್ದವಿತ್ತು. ಅಷ್ಟು ಹೊತ್ತು ಅಣ್ಣ ಏನು ನೋಡುತ್ತಿದ್ದ, ನನ್ನನ್ನೋ ಅತ್ತಿಗೆಯನ್ನೋ, ಅಥವಾ ಅವನ ಮುಖ ಮೊದಲಿನ ಹಾಗೆ ಸಡಿಲವಾಗಿತ್ತೋ, ನನಗೆ ಗೊತ್ತಿಲ್ಲ. ನನ್ನ ಕಣ್ಣು ಮುಚ್ಚಿತ್ತು.

ಕೀಲಿ ಎಡಗಾಲಿನ ಕಾಲುಚೀಲದಲ್ಲಿದೆ. ಮೊದಲು ಆಸ್ಪತ್ರೆ, ಡಾಕ್ಟರಮ್ಮ ಬಿಟ್ಟ ಮೇಲೆ ಅತ್ತಿಗೆಯ ಅಕ್ಕನ ಊರು. ಬಾಗಿಲಿಗೆ ಬೀಗ ಹಾಕುವುದಿಲ್ಲ. ಅಣ್ಣ ಬಂದಾಗ ಅದು ಸುಮ್ಮನೆ ಮುಚ್ಚಿರುತ್ತದೆ. ಕೊಡೆಯನ್ನು ತೆಗೆದು ಕೆಳಗಿಟ್ಟು, ಕೀಲಿಯನ್ನು ಆ ಮೊಳೆಗೆ ನೇತು ಹಾಕಿ, ಅದು ನೇತಾಡುವುದನ್ನು ನೋಡಿ ಚೀಲ ಎತ್ತಬೇಕು.

ನಾಳೆ ಬೆಳಿಗ್ಗೆ ಹೊರಡುತ್ತೇವೆ.